ಕೆಮ್ ಕೆಮ್ ಹಲ್ಲುಗಳು: ಸ್ಪೈನೋಸಾರ್ ಯಾವುದು, ಮೊಸಳೆ ಯಾವುದು?

ಕೆಂಪುಮರಳು

ಮೊರಾಕೊದ ಕೆಮ್ ಕೆಮ್ ಎಂಬ ಡೈನೋಸಾರ್ ಕಾಲದ ಕಲ್ಲಿನ ಪದರಗಳಲ್ಲಿ ಸಿಕ್ಕ ಮೂರು ಹಲ್ಲುಗಳನ್ನು ಗುರುತಿಸಬೇಕಿದೆ. ಮೂರರ ಜೊತೆಗೂ ಬಂದ ಚೀಟಿಯಲ್ಲಿ ಡೈನೋಸಾರ್ ಎಂದೇ ಬರೆದಿದೆ. ನನಗೆ ಅನುಮಾನವಿದೆ.

ಮೊದಲನೆಯದರ ಚೀಟಿ "ಸ್ಪೈನೋಸಾರಸ್" (ಮೀನು ಹಿಡಿಯುತ್ತಿದ್ದ ದೊಡ್ಡ ಡೈನೋಸಾರ್). ಎತ್ತರ 41 ಮಿಮೀ. ಬುಡದಲ್ಲಿ ಒಂದು ಏಣಿನಿಂದ (ಹಲ್ಲಿನ ಉದ್ದಕ್ಕೂ ಇರುವ ಚೂಪು ಅಂಚು) ಇನ್ನೊಂದು ಏಣಿಗೆ 14 ಮಿಮೀ, ಅದಕ್ಕೆ ಅಡ್ಡಲಾಗಿ 12.5 ಮಿಮೀ. ಶಂಕುವಿನಾಕಾರ, ಸ್ವಲ್ಪ ಬಾಗಿದೆ, ಏಣುಗಳಲ್ಲಿ ಗರಗಸವಿಲ್ಲ, ಮೈತುಂಬ ಸಣ್ಣ ಉದ್ದಗೆರೆಗಳಿವೆ. ಬುಡ ಟೊಳ್ಳು.

ಎರಡನೆಯದು "ಡ್ರೊಮಿಯೊಸಾರ್" (ಸಣ್ಣ, ಚುರುಕಾದ ಮಾಂಸಾಹಾರಿ ಡೈನೋಸಾರ್‌ಗಳ ಕುಟುಂಬ). ಎತ್ತರ 20, ಬುಡದ ಉದ್ದ 12, ದಪ್ಪ 5.8 ಮಿಮೀ. ಚಪ್ಪಟೆ, ಹಿಂದಕ್ಕೆ ಬಾಗಿದೆ, ಎರಡೂ ಅಂಚಿನಲ್ಲಿ ಗರಗಸವಿದೆ.

ಮೂರನೆಯದು "ಮರಿ ಡೈನೋಸಾರ್". ಬರೀ 7 ಮಿಮೀ ಎತ್ತರ, ತಲೆ ಗುಂಡಗೆ, ಬುಡದ ಹತ್ತಿರ ಕಿರಿದಾಗಿದೆ.

ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಏಣುಗೆರೆ

ಮೂರನೆಯದನ್ನು ಮೊದಲು ಮುಗಿಸಿಬಿಡೋಣ. ಗುಂಡು ತಲೆ, ಬುಡದಲ್ಲಿ ಇರುಕು, ಗಿಡ್ಡ ಮೈ, ಇವೆಲ್ಲ ಸೇರಿದರೆ ಅದು ಮೊಸಳೆಯ ದವಡೆಯ ಹಿಂಭಾಗದ ಹಲ್ಲು. ಒಂದೇ ಮೊಸಳೆಯ ಬಾಯಲ್ಲಿ ಮುಂದೆ ಉದ್ದನೆಯ ಚೂಪು ಹಲ್ಲು, ಹಿಂದೆ ಜಜ್ಜುವ ಮೊಂಡು ಹಲ್ಲು ಇರುವುದು ಸಾಮಾನ್ಯ. ಮಾಂಸಾಹಾರಿ ಡೈನೋಸಾರ್ ಮರಿಯ ಹಲ್ಲು ಸಣ್ಣದಾಗಿರುತ್ತದೆಯೇ ಹೊರತು ಮೊಂಡಾಗಿರುವುದಿಲ್ಲ. ದೊಡ್ಡದರಂತೆಯೇ ಬಾಗಿ, ಚೂಪಾಗಿ, ಅಂಚಿನೊಂದಿಗೆ ಇರುತ್ತದೆ.

ಇನ್ನು ಮೊದಲನೆಯದು. ಹೆಚ್ಚಿನವರು ಗೆರೆ ನೋಡುತ್ತಾರೆ, ಆಮೇಲೆ ಗಾತ್ರ ನೋಡುತ್ತಾರೆ. ಎರಡೂ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಏಣುಗಳು ಬಾಗಿನ ಯಾವ ಕಡೆಗೆ ಕೂತಿವೆ ಎಂಬುದು. ಹೀಗೆ ಮಾಡಿ:

ಹಲ್ಲನ್ನು ತುದಿ ಮೇಲಾಗಿ ನೆಟ್ಟಗೆ ನಿಲ್ಲಿಸಿ. ಮೆಲ್ಲಗೆ ತಿರುಗಿಸುತ್ತ ಹೋಗಿ. ಬಾಗು ಅತಿ ಹೆಚ್ಚು ಕಾಣುವ ಕೋನದಲ್ಲಿ ನಿಲ್ಲಿಸಿ. ಈಗ ಏಣುಗಳು ಎಲ್ಲಿವೆ? ಚಿತ್ರದ ಎರಡು ಹೊರರೇಖೆಗಳ ಮೇಲೆ, ಅಂದರೆ ಒಂದು ಉಬ್ಬಿದ ಬದಿಯ ಅಂಚಿನಲ್ಲಿ, ಇನ್ನೊಂದು ತಗ್ಗಿದ ಬದಿಯ ಅಂಚಿನಲ್ಲಿ ಇದ್ದರೆ ಹಲ್ಲು ಹಿಂದಕ್ಕೆ ಬಾಗಿದೆ ಎಂದರ್ಥ. ಅದು ಥೆರೊಪಾಡ್, ಅಂದರೆ ಎರಡು ಕಾಲಲ್ಲಿ ನಡೆಯುತ್ತಿದ್ದ, ಹೆಚ್ಚಾಗಿ ಮಾಂಸಾಹಾರಿ ಡೈನೋಸಾರ್‌ಗಳ ರೀತಿ, ಸ್ಪೈನೋಸಾರ್ ಕೂಡ ಅದರೊಳಗೇ ಬರುತ್ತದೆ. ಏಣುಗಳಲ್ಲಿ ಒಂದು ನಿಮಗೆ ಎದುರಾಗಿ, ಇನ್ನೊಂದು ಹಿಂದೆ ಮರೆಯಾಗಿ ಇದ್ದರೆ ಹಲ್ಲು ಬಾಗಿರುವುದು ನಾಲಿಗೆಯ ಕಡೆಗೆ. ಏಣುಗಳು ಕೆನ್ನೆಯ ಕಡೆಯ ಉಬ್ಬು ಮೈಯನ್ನೂ ನಾಲಿಗೆಯ ಕಡೆಯ ತಗ್ಗು ಮೈಯನ್ನೂ ಬೇರ್ಪಡಿಸುತ್ತವೆ. ಅದು ಮೊಸಳೆಯ ರೀತಿ.

ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸವೆದ ಹಲ್ಲಿನಲ್ಲೂ, ತುದಿ ಮುರಿದ ಹಲ್ಲಿನಲ್ಲೂ ನಡೆಯುತ್ತದೆ. ಅರ್ಧ ಇಂಚಿನ ಚೂರಿನಲ್ಲಿ ಮಾತ್ರ ಬಾಗು ಅಳೆಯುವಷ್ಟು ಇರುವುದಿಲ್ಲ, ಅಲ್ಲಿ ನಂಬಬೇಡಿ.

ಮೊದಲ ಹಲ್ಲನ್ನು ಹೀಗೆ ತಿರುಗಿಸಿ ನೋಡಿ ಹೇಳಿ. ಅಲ್ಲಿಯವರೆಗೆ ಹೆಸರು ಬೇಡ.

ದಂತಶಿಲೆ

ಏಣುಗೆರೆ ಅವರು ಹೇಳಿದ ಪರೀಕ್ಷೆ ನೂರಕ್ಕೆ ನೂರು ಎಂದು ಹಿಡಿಯಬೇಡಿ. ಸ್ಪೈನೋಸಾರ್‌ನ ಮೂತಿಯ ತುದಿಯ ಹಲ್ಲುಗಳಲ್ಲಿ ಬಾಗು ತೀರ ಕಡಿಮೆ, ಕೆಲವು ಒಳಕ್ಕೂ ವಾಲುತ್ತವೆ. ಮೊಸಳೆಯ ಹಿಂಭಾಗದ ಹಲ್ಲುಗಳಲ್ಲೂ ಬಾಗೇ ಇಲ್ಲದವು ಇವೆ. ಆದ್ದರಿಂದ ಇನ್ನೆರಡು ಸಾಕ್ಷಿ ಬೇಕು.

ಒಂದು, ಹಲ್ಲಿನ ಹೊರಗಿನ ಗಟ್ಟಿ ಹೊದಿಕೆಯಾದ ಎನಾಮೆಲ್‌ನ ಮೈ. ಕೆಮ್ ಕೆಮ್‌ನ ಸ್ಪೈನೋಸಾರ್ ಹಲ್ಲಿನಲ್ಲಿ ಅಗಲವಾದ ಉದ್ದ ಪಟ್ಟೆಗಳು ಇರಬಹುದು, ಇಲ್ಲದೆಯೂ ಇರಬಹುದು. ಆದರೆ 10 ಪಟ್ಟಿನ ಲೆನ್ಸ್‌ನಲ್ಲಿ ಓರೆ ಬೆಳಕು ಹಾಯಿಸಿ ನೋಡಿದರೆ ಪಟ್ಟೆಗಳ ನಡುವೆಯೂ ನವುರಾದ, ನರನರವಾದ ಸುಕ್ಕು ಕಾಣುತ್ತದೆ. ಏಣಿನ ಹತ್ತಿರ ಈ ಸುಕ್ಕು ಏಣಿನ ಕಡೆಗೆ ಓರೆಯಾಗಿ ಸಾಗುತ್ತದೆ. ಮೊಸಳೆಯಲ್ಲಿ ಗೆರೆಗಳು ಸಣ್ಣವು, ಒತ್ತೊತ್ತಾದವು, ಹೆಚ್ಚುಕಡಿಮೆ ಬುಡದಿಂದ ತುದಿಗೆ ನೇರ ಹೋಗುತ್ತವೆ. ಗೆರೆಗಳ ನಡುವಿನ ಜಾಗ ಸಾಮಾನ್ಯವಾಗಿ ನುಣುಪು.

ಎರಡು, ಮುರಿದ ಬುಡ. ಮೊಸಳೆಯಲ್ಲಿ ಹೊಸ ಹಲ್ಲು ಹಳೆಯದರ ತಿರುಳಿನ ಕುಳಿಯೊಳಗೇ ಮೇಲೇರುತ್ತದೆ. ಹಾಗಾಗಿ ಉದುರಿದ ಮೊಸಳೆ ಹಲ್ಲಿನ ಕುಳಿ ಅಗಲ, ಗೋಡೆ ತೆಳು, ಕುಳಿ ಶಂಕುವಿನಂತೆ ತುಂಬ ಮೇಲಿನವರೆಗೂ ಹೋಗಿರುತ್ತದೆ. ಅಡ್ಡಲಾಗಿ ಮುರಿದಲ್ಲಿ, ಎನಾಮೆಲ್ ಒಳಗಿನ ಹಲ್ಲಿನ ಮುಖ್ಯ ಭಾಗವಾದ ಡೆಂಟಿನ್ ಪದರಗಳು ಒಂದರೊಳಗೊಂದು ಸೇರಿಸಿಟ್ಟ ಕಾಗದದ ಲೋಟಗಳಂತೆ ಉಂಗುರ ಉಂಗುರವಾಗಿ ಕಾಣುತ್ತವೆ, ಕೆಲವೊಮ್ಮೆ ಹೊರಗಿನ ಪದರ ಬಿಟ್ಟುಕೊಂಡು ಒಳಗಿನ ಶಂಕು ಮಾತ್ರ ಉಳಿದಿರುತ್ತದೆ. ಸ್ಪೈನೋಸಾರ್‌ನ ಗೋಡೆ ಅದೇ ಎತ್ತರದಲ್ಲಿ ದಪ್ಪ, ಕುಳಿ ಕಿರಿದು.

ಆದರೂ "ಬುಡ ಟೊಳ್ಳು" ಎಂಬ ಒಂದೇ ಮಾತಿನಿಂದ ಮೊಸಳೆ ಎನ್ನಬೇಡಿ. ಡೈನೋಸಾರ್‌ಗಳೂ ಜೀವನವಿಡೀ ಹಲ್ಲು ಉದುರಿಸಿ ಹೊಸದು ಬೆಳೆಸುತ್ತಿದ್ದವು. ಬೇರು ಕರಗಿ ಉದುರಿದ ಥೆರೊಪಾಡ್ ಹಲ್ಲಿನ ಬುಡದಲ್ಲೂ ಗುಳಿ ಇರುತ್ತದೆ. ವ್ಯತ್ಯಾಸ ಕುಳಿಯ ಆಳದಲ್ಲಿ ಮತ್ತು ಗೋಡೆಯ ದಪ್ಪದಲ್ಲಿ ಇದೆ.

ಕೆಂಪುಮರಳು

ತಿರುಗಿಸಿ ನೋಡಿದೆ. ಬಾಗು ಹೆಚ್ಚು ಕಾಣುವ ಕೋನದಲ್ಲಿ ಒಂದು ಏಣು ನನ್ನ ಎದುರಿಗೇ ಇದೆ, ಇನ್ನೊಂದು ಹಿಂದೆ. ಕುಳಿಯೊಳಗೆ ತೆಳ್ಳನೆಯ ಕಡ್ಡಿ ಬಿಟ್ಟರೆ 24 ಮಿಮೀ ಹೋಗುತ್ತದೆ. ಬುಡದ ಗೋಡೆ ಸುಮಾರು 2 ಮಿಮೀ. ಗೆರೆಗಳ ನಡುವೆ ಸುಕ್ಕಿಲ್ಲ.

ಏಣುಗೆರೆ

ಹಾಗಿದ್ದರೆ ಮೊಸಳೆ. ಮೂರು ಸಾಕ್ಷಿಗಳೂ ಒಂದೇ ಕಡೆಗೆ ತೋರಿಸುತ್ತಿವೆ. ಉದ್ದನೆಯ, ಸಪೂರ, ಗೆರೆಗಳುಳ್ಳ, ಗರಗಸವಿಲ್ಲದ ಹಲ್ಲು ಆ ಪದರಗಳಲ್ಲಿ ಎಲೋಸೂಕಸ್‌ಗೆ ಹೊಂದುತ್ತದೆ. ಅದು ಕಿರಿದಾದ ಉದ್ದ ಮೂತಿಯ ಪ್ರಾಣಿ. ಆದರೂ ಲೇಬಲ್‌ನಲ್ಲಿ "ಎಲೋಸೂಕಸ್ ಮಾದರಿಯ ಮೊಸಳೆ" ಎಂಬಷ್ಟಕ್ಕೇ ನಿಲ್ಲಿಸಿ. ಬಿಡಿ ಹಲ್ಲಿನಿಂದ ಅದಕ್ಕಿಂತ ಮುಂದೆ ಹೋಗುವುದು ಸಲ್ಲ.

ಈ ಎರಡೂ ಪ್ರಾಣಿಗಳ ಹಲ್ಲು ಯಾಕೆ ಇಷ್ಟು ಹೋಲುತ್ತವೆ ಎಂಬುದೂ ತಿಳಿದಿರಲಿ. ಕೆಮ್ ಕೆಮ್ ಸುಮಾರು 10 ರಿಂದ 9.5 ಕೋಟಿ ವರ್ಷ ಹಿಂದಿನ ನದಿಗಳ ಜಗತ್ತು, ಮೀನು ಹೇರಳ. ಜಾರುವ ಬೇಟೆಯನ್ನು ಕಚ್ಚಿ ಹಿಡಿಯಲು ಕೊಯ್ಯುವ ಅಲಗು ಬೇಡ, ಚುಚ್ಚಿ ಹಿಡಿಯುವ ಶಂಕು ಬೇಕು. ಸ್ಪೈನೋಸಾರ್‌ಗಳು ಥೆರೊಪಾಡ್‌ಗಳಾಗಿದ್ದೂ ಅದೇ ಆಕಾರಕ್ಕೆ ಬಂದವು. ಆಕಾರ ಕೆಲಸದಿಂದ ಬಂದದ್ದು, ವಂಶದ ಗುರುತು ಉಳಿದಿರುವುದು ಏಣಿನ ಸ್ಥಾನ, ಎನಾಮೆಲ್‌ನ ಮೈ, ಒಳಗಿನ ರಚನೆಗಳಲ್ಲಿ.

ನದೀಪಾತ್ರ

"ಸ್ಪೈನೋಸಾರಸ್ ಅಪರೂಪ, ಹಾಗಾಗಿ ಸಿಕ್ಕಿದ್ದೆಲ್ಲ ಮೊಸಳೆ" ಎಂಬ ತದ್ವಿರುದ್ಧ ತಪ್ಪೂ ನಡೆಯುತ್ತದೆ. 2020ರಲ್ಲಿ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ತಂಡ ಕೆಮ್ ಕೆಮ್‌ನ ಒಂದು ನೆಲೆಯಲ್ಲಿ 1,200ಕ್ಕೂ ಹೆಚ್ಚು ಹಲ್ಲುಗಳನ್ನು ವಿಂಗಡಿಸಿದಾಗ ಸುಮಾರು ಶೇ. 45 ಸ್ಪೈನೋಸಾರಸ್‌ನವೇ ಆಗಿದ್ದವು. ಅಸ್ಥಿಪಂಜರ ಅಪರೂಪ, ಹಲ್ಲು ಅಪರೂಪವಲ್ಲ.

ಇನ್ನೊಂದು ಮಾತು. ಗರಗಸವಿಲ್ಲದಿರುವುದು ಕೆಮ್ ಕೆಮ್‌ನ ಸ್ಪೈನೋಸಾರ್‌ಗಳ ಲಕ್ಷಣ, ಇಡೀ ಕುಟುಂಬದ್ದಲ್ಲ. ಇಂಗ್ಲೆಂಡಿನ ಬ್ಯಾರಿಯೋನಿಕ್ಸ್‌ನ ಏಣುಗಳಲ್ಲಿ ಗರಗಸವಿದೆ. ಆದರೆ ಎಷ್ಟು ಸಣ್ಣದೆಂದರೆ ಮಿಲಿಮೀಟರಿಗೆ ಸುಮಾರು 7 ಹಲ್ಲುಗಳು, ಬೆರಳಿಗೆ ತಾಗುವುದೇ ಇಲ್ಲ. ಲೆನ್ಸ್ ಇಲ್ಲದೆ "ಗರಗಸವಿಲ್ಲ" ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ. ನೀರಿನಲ್ಲಿ ಉರುಳಿ ಬಂದ ಹಲ್ಲಿನಲ್ಲಂತೂ ಇಷ್ಟು ನವುರಾದ ಗರಗಸ ಪೂರ್ತಿ ಅಳಿಸಿಹೋಗಿರಬಹುದು. ಏಣಿನ ಬುಡದ ತುದಿಯಲ್ಲಿ ಒಂದಿಷ್ಟು ಉಳಿದಿರುವ ಸಾಧ್ಯತೆ ಹೆಚ್ಚು, ಅಲ್ಲಿ ಹುಡುಕಿ.

ಕೆಂಪುಮರಳು

ಎರಡನೆಯದಕ್ಕೆ ಬರೋಣ. ಗರಗಸ ಇದೆ ಎಂದಾದ ಮೇಲೆ ಮೊಸಳೆಯ ಪ್ರಶ್ನೆಯೇ ಏಳುವುದಿಲ್ಲ ಅಲ್ಲವೇ?

ದಂತಶಿಲೆ

ಏಳುತ್ತದೆ. ಗರಗಸದಂಚಿನ ಮೊಸಳೆ ಬಂಧುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಖಂಡಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಬ್ರೆಜಿಲ್‌ನ ಬೌರುಸೂಕಸ್, ಪ್ಯಾಟಗೋನಿಯಾದ ಸೆಬೆಕಸ್, ಆಸ್ಟ್ರೇಲಿಯಾದ ಕ್ವಿಂಕಾನಾ, ಜುರಾಸಿಕ್ ಸಮುದ್ರದ ಡಕೋಸಾರಸ್. ಕೆಮ್ ಕೆಮ್‌ನಲ್ಲೇ ಹಮಡಾಸೂಕಸ್ ಇದೆ. ಅದರ ದವಡೆಯ ಚಪ್ಪಟೆ ಹಲ್ಲು ಬಿಡಿಯಾಗಿ ಸಿಕ್ಕರೆ ಥೆರೊಪಾಡ್ ಎಂದು ಬರೆಯುವುದು ಬಹಳ ಸುಲಭ.

ಈ ಗೊಂದಲಕ್ಕೆ ಹಳೆಯ ಇತಿಹಾಸವಿದೆ. ಪ್ಯಾಟಗೋನಿಯಾದಲ್ಲಿ ಸಸ್ತನಿಗಳ ಜೊತೆ ಸಿಕ್ಕ ಗರಗಸದ ಹಲ್ಲುಗಳನ್ನು ಡೈನೋಸಾರ್‌ನವೆಂದು ಹಿಡಿದು, ಆ ಪದರಗಳ ವಯಸ್ಸನ್ನೇ ಅರ್ಜೆಂಟೀನಾದ ಪಳೆಯುಳಿಕೆ ತಜ್ಞ ಫ್ಲೊರೆಂಟಿನೊ ಅಮೆಗಿನೊ ಹಿಂದಕ್ಕೆ ಒಯ್ದಿದ್ದರು. 1937ರಲ್ಲಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಸೆಬೆಕಸ್‌ಗೆ ಹೆಸರಿಟ್ಟಾಗ ಅಂಥ ಹಲ್ಲುಗಳ ಒಡೆಯ ನೆಲದ ಮೊಸಳೆ ಬಂಧು ಎಂಬುದು ಗಟ್ಟಿಯಾಯಿತು. ಒಂದು ಹಲ್ಲಿನ ತಪ್ಪು ಗುರುತು ಇಡೀ ಶಿಲಾಸ್ತರದ ಕಾಲವನ್ನೇ ಕದಲಿಸಬಲ್ಲದು. ಅದಕ್ಕೇ ಈ ಹೆಸರುಗಳ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು.

ಗರಗಸ ಕಂಡಾಗ ಮೊದಲ ಪ್ರಶ್ನೆ: ಅದು ನಿಜವಾದ ಗರಗಸವೋ, ಹುಸಿ ಗರಗಸವೋ? ನಿಜವಾದದ್ದರಲ್ಲಿ ಗರಗಸದ ಪ್ರತಿ ಹಲ್ಲಿಗೂ, ಅಂದರೆ ಪ್ರತಿ ಡೆಂಟಿಕಲ್‌ಗೂ ಒಳಗೆ ಡೆಂಟಿನ್ ತಿರುಳಿದೆ, ಹೊರಗೆ ಎನಾಮೆಲ್. ಎರಡು ಡೆಂಟಿಕಲ್‌ಗಳ ನಡುವೆ ಸ್ಪಷ್ಟ ಸೀಳು. ಹುಸಿಯದರಲ್ಲಿ ಎನಾಮೆಲ್‌ನ ಮೇಲ್ಮೈ ಗೆರೆಗಳು ಏಣಿನವರೆಗೂ ಬಂದು ಅದನ್ನು ದಾಟುವಾಗ ಅಂಚು ಗಂಟುಗಂಟಾಗುತ್ತದೆ, ಅಷ್ಟೇ. ತೆಲಂಗಾಣದ ನಸ್ಕಲ್‌ನ ಮೊಸಳೆ ಹಲ್ಲುಗಳ ಕುರಿತ 2002ರ ಅಧ್ಯಯನದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಎತ್ತಿ ತೋರಿಸಲಾಯಿತು.

ನೋಡುವ ಬಗೆ: 20 ಪಟ್ಟು ಅಥವಾ ಹೆಚ್ಚು ಹಿಗ್ಗಿಸಿ. ಅಂಚನ್ನು ಬದಿಯಿಂದ ನೋಡಿ, ಆಮೇಲೆ ನೇರ ಅಂಚಿನ ಮೇಲಿಂದ ನೋಡಿ. ಹುಸಿ ಗರಗಸದಲ್ಲಿ ಪ್ರತಿ ಗಂಟನ್ನೂ ಹಿಂಬಾಲಿಸಿದರೆ ಅದು ಮೈಮೇಲಿನ ಒಂದು ಗೆರೆಗೆ ಹೋಗಿ ಸೇರುತ್ತದೆ, ಗಂಟುಗಳ ಗಾತ್ರವೂ ಏರುಪೇರು. ನಿಜವಾದ ಡೆಂಟಿಕಲ್‌ಗಳು ಅಂಚಿನಲ್ಲೇ ಹುಟ್ಟಿ ಅಂಚಿನಲ್ಲೇ ಮುಗಿಯುತ್ತವೆ, ಸಾಲಾಗಿ, ನೆರೆಯದರ ಗಾತ್ರದಲ್ಲೇ ಇರುತ್ತವೆ.

ನಿಜವಾದ ಗರಗಸ ಎಂದು ಖಚಿತವಾದರೂ ಮೊಸಳೆ ಹೊರಗುಳಿಯಲಿಲ್ಲ. ಸೆಬೆಕಸ್‌ನದು ನಿಜವಾದ ಗರಗಸವೇ. ಆಗ ಬಾಗು, ಬುಡದ ಆಕಾರ ಇವು ನೋಡಬೇಕು. ಹಮಡಾಸೂಕಸ್‌ನಂಥವುಗಳ ಹಲ್ಲು ಹೆಚ್ಚು ನೇರ ತ್ರಿಕೋನ. ಮುಂದಿನ ಅಂಚು ಹಿಂದಿನ ಅಂಚು ಬಹುತೇಕ ಸರಿಸಮ. ಕಿರೀಟದ (ಬೇರಿನ ಮೇಲಿನ ಹಲ್ಲಿನ ಭಾಗ) ಬುಡದಲ್ಲಿ ಸಣ್ಣ ಇರುಕಿರಬಹುದು, ಕೆನ್ನೆಯ ಕಡೆಯ ಮೈ ನಾಲಿಗೆಯ ಕಡೆಗಿಂತ ಹೆಚ್ಚು ಉಬ್ಬು. ಥೆರೊಪಾಡ್‌ನ ಬದಿ ಹಲ್ಲಿನಲ್ಲಿ ತುದಿ ಹಿಂದಕ್ಕೆ ಸರಿದಿರುತ್ತದೆ, ಬುಡದಲ್ಲಿ ಇರುಕಿಲ್ಲದೆ ನೇರ ಬೇರಿಗೆ ಇಳಿಯುತ್ತದೆ.

ಏಣುಗೆರೆ

ಈಗ ಡೆಂಟಿಕಲ್ ಎಣಿಕೆ. ಇದರಲ್ಲಿ ತಪ್ಪು ಮಾಡುವ ಜಾಗಗಳು ಬಹಳ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಿರೀಟದ ಎತ್ತರದ ಮಧ್ಯದಲ್ಲಿ ಎಣಿಸಿ. ತುದಿಯಲ್ಲಿ, ಬುಡದಲ್ಲಿ ಡೆಂಟಿಕಲ್ ಗಾತ್ರ ಬದಲಾಗುತ್ತದೆ, ಅಲ್ಲಿನ ಎಣಿಕೆಯನ್ನು ಬೇರೆಯವರ ಎಣಿಕೆಗೆ ಹೋಲಿಸಲಾಗದು. ರೂಢಿ 5 ಮಿಮೀಗೆ ಎಷ್ಟು ಎಂದು. 15 ಮಿಮೀಗಿಂತ ಚಿಕ್ಕ ಹಲ್ಲಿನಲ್ಲಿ ಮಧ್ಯದ 5 ಮಿಮೀ ಎಂದರೆ ಹಲ್ಲಿನ ಮೂರನೇ ಒಂದು ಭಾಗವೇ ಆಗಿಬಿಡುತ್ತದೆ. ಅಲ್ಲಿ 2 ಮಿಮೀಗೆ ಎಣಿಸಿ 2.5ರಿಂದ ಗುಣಿಸಿ, ಹಾಗೆ ಮಾಡಿದ್ದನ್ನು ಬರೆದಿಡಿ. ಬರಿಗಣ್ಣಲ್ಲಿ ಎಣಿಸಬೇಡಿ. ಅಳತೆಪಟ್ಟಿಯನ್ನು ಅಂಚಿನ ಮಟ್ಟಕ್ಕೇ ಇಟ್ಟು ಫೋಟೊ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ಎಣಿಸಿ. ಪಟ್ಟಿ ಮೇಜಿನ ಮೇಲೆ, ಹಲ್ಲಿನ ಅಂಚು ಅದಕ್ಕಿಂತ 5 ಮಿಮೀ ಮೇಲೆ ಇದ್ದರೆ ಹತ್ತಿರದ ಫೋಟೊದಲ್ಲಿ ಅಳತೆಯೇ ತಪ್ಪುತ್ತದೆ. ಅಂಚು ಬಾಗಿದ್ದರೆ ಬಾಗಿನ ಉದ್ದಕ್ಕೂ ಅಳೆಯಿರಿ, ಎರಡು ತುದಿಗಳ ನಡುವಿನ ನೇರ ಗೆರೆಯಲ್ಲಿ ಅಲ್ಲ.

ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಬೇರೆ ಬೇರೆಯಾಗಿ ಎಣಿಸಿ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. ಇದೇ ಡೆಂಟಿಕಲ್ ಗಾತ್ರ ವ್ಯತ್ಯಾಸದ ಸೂಚ್ಯಂಕ. ಸುಡಾನಿನ ವಾಡಿ ಮಿಲ್ಕ್ ಶಿಲಾಸ್ತರದ ಅವಶೇಷಗಳನ್ನು ವಿವರಿಸುವಾಗ ರೌಹುಟ್ ಮತ್ತು ವರ್ನರ್ 1995ರಲ್ಲಿ ಇದನ್ನು ಬಳಕೆಗೆ ತಂದರು. ಸೂಚ್ಯಂಕ 1ರ ಹತ್ತಿರವಿದ್ದರೆ ಎರಡೂ ಅಂಚಿನ ಡೆಂಟಿಕಲ್ ಸಮಗಾತ್ರ. 1.2 ದಾಟಿದರೆ ಮುಂದಿನವು ಗಮನಾರ್ಹವಾಗಿ ಸಣ್ಣವು, ಇದು ಅನೇಕ ಡ್ರೊಮಿಯೊಸಾರ್‌ಗಳಲ್ಲಿ ಕಾಣುವ ಲಕ್ಷಣ. ಆದರೆ ಸವೆದ ಮುಂದಿನ ಅಂಚು ಎಣಿಕೆಯನ್ನು ಕೆಡಿಸುತ್ತದೆ. ಡೆಂಟಿಕಲ್‌ನ ಬುಡದ ಸೀಳುಗಳು ಕಾಣದಿದ್ದರೆ ಸಂಖ್ಯೆ ಕೊಡದಿರುವುದೇ ಲೇಸು.

ಹಲ್ಲು ದೊಡ್ಡದಾದಷ್ಟೂ ಡೆಂಟಿಕಲ್ ದೊಡ್ಡದು ಎಂಬುದೂ ನೆನಪಿರಲಿ. 20 ಮಿಮೀ ಹಲ್ಲನ್ನು 90 ಮಿಮೀ ಕಾರ್ಕರೊಡಾಂಟೊಸಾರಸ್ (ಕೆಮ್ ಕೆಮ್‌ನ ದೈತ್ಯ ಮಾಂಸಾಹಾರಿ ಡೈನೋಸಾರ್) ಹಲ್ಲಿನ ಎಣಿಕೆಗೆ ಹೋಲಿಸಿ "ಹೊಂದುತ್ತಿಲ್ಲ" ಎನ್ನುವುದು ತಪ್ಪು.

ಕೆಂಪುಮರಳು

ನೀವು ಹೇಳಿದಂತೆ ಫೋಟೊದಲ್ಲಿ ಎಣಿಸಿದೆ. ಹಿಂದಿನ ಅಂಚು 5 ಮಿಮೀಗೆ 14, ಮುಂದಿನದು 15. ಸೀಳುಗಳು ಸ್ಪಷ್ಟ, ಮೈಮೇಲಿನ ಗೆರೆಗೆ ಯಾವುದೂ ಸೇರುತ್ತಿಲ್ಲ. ಮುಂದಿನ ಅಂಚು ಚೆನ್ನಾಗಿ ಬಾಗಿದೆ, ಹಿಂದಿನದು ಬಹುತೇಕ ನೇರ. ತುದಿ ಬುಡದ ಹಿಂದಿನ ಅಂಚಿನ ಮೇಲಕ್ಕೇ ಬರುತ್ತದೆ.

ಏಣುಗೆರೆ

ಸೂಚ್ಯಂಕ 1.07. ಡ್ರೊಮಿಯೊಸಾರ್ ಎನ್ನಲು ಆಧಾರವಿಲ್ಲ. ದಪ್ಪವನ್ನು ಉದ್ದದಿಂದ ಭಾಗಿಸಿದರೆ 0.48, ಎತ್ತರವನ್ನು ಉದ್ದದಿಂದ ಭಾಗಿಸಿದರೆ 1.67. ಗಿಡ್ಡ ಕಿರೀಟ, ಬಾಗಿದ ಮುಂದಂಚು, ನೇರ ಹಿಂದಂಚು. ಇದು ಅಬೆಲಿಸಾರ್‌ಗಳ ಬದಿ ಹಲ್ಲಿನ ಚಹರೆ. ಭಾರತದ ರಾಜಾಸಾರಸ್, ಮಡಗಾಸ್ಕರ್‌ನ ಮಜುಂಗಸಾರಸ್ ಸೇರಿರುವುದೂ ಈ ಕುಟುಂಬಕ್ಕೇ.

ಕೆಮ್ ಕೆಮ್‌ನ ಸಣ್ಣ ಚಪ್ಪಟೆ ಹಲ್ಲುಗಳಿಗೆಲ್ಲ "ಡ್ರೊಮಿಯೊಸಾರ್" ಚೀಟಿ ಅಂಟಿಸುವುದು ಮಾರಾಟದ ರೂಢಿ, ಶಾಸ್ತ್ರದ್ದಲ್ಲ. ಆ ಪದರಗಳಿಂದ ಡ್ರೊಮಿಯೊಸಾರ್ ಅಸ್ಥಿಪಂಜರ ವಿವರಿಸಿದ್ದಿಲ್ಲ. ನಿಮ್ಮ ಲೇಬಲ್ ಹೀಗಿರಲಿ: "ಥೆರೊಪಾಡ್, ಬಹುಶಃ ಅಬೆಲಿಸಾರ್".

ದಂತಶಿಲೆ

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಮರಿ ಕಾರ್ಕರೊಡಾಂಟೊಸಾರಸ್ ಸಾಧ್ಯತೆ ತಳ್ಳಿಹಾಕುವ ಮುನ್ನ ಎನಾಮೆಲ್ ನೋಡಿ. ಆ ಪ್ರಾಣಿಯ ಹಲ್ಲಿನಲ್ಲಿ ಅಂಚುಗಳ ಹತ್ತಿರ, ವಿಶೇಷವಾಗಿ ಹಿಂದಂಚಿನ ಪಕ್ಕ, ಬಿಲ್ಲಿನಂತೆ ಬಾಗಿದ ಸುಕ್ಕುಗಳು ಇರುತ್ತವೆ. ಲೈಟನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ ಹಾಯಿಸಿದರೆ ಮಾತ್ರ ಕಾಣುತ್ತವೆ, ಮೇಲಿನಿಂದ ಬೆಳಕು ಬಿದ್ದರೆ ಮಾಯ. ಸುಕ್ಕುಗಳು ಇಲ್ಲವಾದರೆ ಏಣುಗೆರೆ ಅವರ ಗುರುತೇ ನಿಲ್ಲುತ್ತದೆ.

ಹೆಲ್‌ಕ್ರೀಕ್ ಓದುಗ

ಇದೇ ಕ್ರಮ ಅಮೆರಿಕದ ಹೆಲ್ ಕ್ರೀಕ್ ಪದರಗಳ ಹಲ್ಲುಗಳಿಗೂ ನಡೆಯುತ್ತದೆಯೇ? 28 ಮಿಮೀ ಎತ್ತರದ ಒಂದು ಹಲ್ಲಿದೆ, ಬುಡದ ಉದ್ದ 14, ದಪ್ಪ 7. ಎರಡೂ ಅಂಚಿನ ಡೆಂಟಿಕಲ್ ಸಮ. ಟಿ. ರೆಕ್ಸ್ (ಟಿರಾನೋಸಾರಸ್) ಎನ್ನಬಹುದೇ?

ದಂತಶಿಲೆ

ಕ್ರಮ ಅದೇ, ಅಭ್ಯರ್ಥಿಗಳು ಬೇರೆ. ಅದಕ್ಕೇ ಶಿಲಾಸ್ತರದ ಹೆಸರು ಮೊದಲು ಬೇಕು. ಆ ಕಾಲದಲ್ಲಿ ಅಲ್ಲಿ ಬದುಕಿರದ ಪ್ರಾಣಿಗೆ ಹಲ್ಲು ಎಷ್ಟು ಹೋಲಿದರೂ ಪ್ರಯೋಜನವಿಲ್ಲ.

ಬೆಳೆದ ಟಿರಾನೋಸಾರಸ್‌ನ ಬದಿ ಹಲ್ಲು ದಪ್ಪ, ದಪ್ಪ-ಉದ್ದದ ಅನುಪಾತ 0.6ಕ್ಕಿಂತ ಮೇಲೆ. ನಿಮ್ಮದು 0.5. ಅಂದರೆ ಎರಡು ದಾರಿ: ಮರಿ ಟಿರಾನೋಸಾರಸ್, ಇಲ್ಲವೇ ನ್ಯಾನೊಟಿರಾನಸ್. 1988ರಲ್ಲಿ ಹೆಸರಿಟ್ಟಂದಿನಿಂದ ನ್ಯಾನೊಟಿರಾನಸ್ ಬೇರೆ ಪ್ರಾಣಿಯೋ ಮರಿ ರೆಕ್ಸೋ ಎಂಬ ವಾದ ನಡೆದೇ ಇತ್ತು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಹುತೇಕ ಬೆಳೆದ ಅಸ್ಥಿಪಂಜರವೊಂದರ ಆಧಾರದ ಮೇಲೆ ಅದು ಬೇರೆಯೇ ಎಂದು ವಾದಿಸಿತು. ಅದರಿಂದ ಬಿಡಿ ಹಲ್ಲಿನ ಸಮಸ್ಯೆ ಹಗುರಾಗಲಿಲ್ಲ. ಸಣ್ಣ ಹಲ್ಲು ಎರಡರಲ್ಲಿ ಯಾವುದರದ್ದೂ ಆಗಬಹುದು. "ಟಿರಾನೋಸಾರ್ ಕುಟುಂಬ" ಎಂದು ನಿಲ್ಲಿಸಿ.

ಅದೇ ಪದರಗಳಲ್ಲಿ ಅಡ್ಡಕೊಯ್ತ ಇಂಗ್ಲಿಷಿನ ಡಿ ಅಕ್ಷರದಂತಿದ್ದು, ಎರಡೂ ಏಣು ನಾಲಿಗೆಯ ಕಡೆಗೇ ಸರಿದಿದ್ದರೆ ಅದು ಟಿರಾನೋಸಾರ್‌ನ ಮೂತಿಯ ತುದಿಯ ಹಲ್ಲು. ಇಲ್ಲಿ ಏಣಿನ ಸ್ಥಾನ ನೋಡಿ ಮೊಸಳೆ ಎಂದು ಹಾರಿಬಿಡಬೇಡಿ, ಏಣುಗಳಲ್ಲಿ ಗರಗಸವಿದೆಯೇ, ಗೋಡೆ ದಪ್ಪವಿದೆಯೇ ನೋಡಿ. ಮುಂದಂಚಿನ ಡೆಂಟಿಕಲ್ ಹಿಂದಂಚಿನದಕ್ಕಿಂತ ತೀರ ಸಣ್ಣದಿದ್ದರೆ ಡ್ರೊಮಿಯೊಸಾರ್. ಹಲ್ಲಿನ ಗಾತ್ರಕ್ಕೆ ಮೀರಿದ ದೊಡ್ಡ ಡೆಂಟಿಕಲ್‌ಗಳು ತುದಿಯ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಟ್ರೂಡಾನ್ ಕುಟುಂಬ. ನೇರ ತ್ರಿಕೋನದ ಸಣ್ಣ ಹಲ್ಲಿಗೆ ತೀರ ನವುರಾದ ಡೆಂಟಿಕಲ್ ಇದ್ದರೆ ರಿಚರ್ಡೊಎಸ್ಟೀಸಿಯಾ.

ಮೊಸಳೆಯ ಕಡೆಯಿಂದ ಅಲ್ಲಿ ಬ್ರಾಕಿಚಾಂಪ್ಸಾದ ಗುಂಡು ಹಿಂಬದಿ ಹಲ್ಲುಗಳು, ಬೊರಿಯಾಲೊಸೂಕಸ್‌ನ ಶಂಕು ಹಲ್ಲುಗಳು. ಮೊಸಳೆಯಲ್ಲದ ಚಾಂಪ್ಸೊಸಾರಸ್ ಕೂಡ ಇದೆ. ಅದರ ಸಪೂರ ಶಂಕುವಿನ ಬುಡದಲ್ಲಿ ಮಾತ್ರ ಆಳವಾದ ಗೆರೆಗಳಿದ್ದು ತುದಿ ನುಣುಪಾಗಿರುತ್ತದೆ.

ನದೀಪಾತ್ರ

ಡೈನೋಸಾರೂ ಅಲ್ಲದ, ಮೊಸಳೆಯೂ ಅಲ್ಲದವುಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ.

ಕೆಮ್ ಕೆಮ್‌ನ ಟೆರೊಸಾರ್ (ಹಾರುವ ಸರೀಸೃಪ) ಹಲ್ಲು ಸಪೂರ, ಅಡ್ಡಕೊಯ್ತ ಮೊಟ್ಟೆಯಾಕಾರ, ಗರಗಸವಿಲ್ಲ, ಎನಾಮೆಲ್ ಮೇಲ್ಭಾಗವನ್ನಷ್ಟೇ ಮುಚ್ಚಿರುತ್ತದೆ. ಅಲ್ಲಿಯದೇ ಆನ್ಕೊಪ್ರಿಸ್ಟಿಸ್ ಎಂಬ ಗರಗಸಮೀನಿನ ಮೂತಿಯ ಮುಳ್ಳು ಕೂಡ ಹಲ್ಲೆಂದು ಬರುತ್ತದೆ. ತುದಿಯ ಬಳಿ ಹಿಂಬದಿಗೆ ಒಂದು ಕೊಕ್ಕೆ, ಬುಡ ಅಗಲವಾಗಿ ಒರಟು, ಆದ್ದರಿಂದ ಒಮ್ಮೆ ಕಂಡರೆ ಮರೆಯುವುದಿಲ್ಲ.

ಮೊರಾಕೊದ ಫಾಸ್ಫೇಟ್ ಗಣಿಗಳ ಹಲ್ಲುಗಳು ಬೇರೆಯದೇ ಲೋಕ: ಸಮುದ್ರ, ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್‌ನ ಕೊನೆ ಮತ್ತು ಅದರ ನಂತರ. ಸುತ್ತಲಿನ ಕಲ್ಲು ಕೆಂಪಲ್ಲ, ಮಸುಕು ಹಳದಿ. ಮೊಸಾಸಾರ್ (ಹಲ್ಲಿಗಳ ಬಂಧುವಾದ ಸಮುದ್ರ ಸರೀಸೃಪ) ಹಲ್ಲಿಗೆ ಎರಡು ಏಣು, ಕೆಳಗೆ ಊದಿದ ದಪ್ಪ ಎಲುಬಿನ ಬುಡ. ಸಮುದ್ರದ ಇನ್ನೊಂದು ಸರೀಸೃಪ ಪ್ಲೀಸಿಯೊಸಾರ್‌ನದು ಉರುಟು, ಏಣಿಲ್ಲ, ಬುಡದಿಂದ ಹೊರಟ ಗೆರೆಗಳು ಬೇರೆ ಬೇರೆ ಎತ್ತರದಲ್ಲಿ ನಿಂತುಹೋಗುತ್ತವೆ.

ಟ್ರಯಾಸಿಕ್ ಕಾಲದ (ಡೈನೋಸಾರ್‌ಗಳು ಮೊದಲು ಕಾಣಿಸಿಕೊಂಡ ಯುಗ) ಫೈಟೊಸಾರ್ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ನೋಡಲು ಮೊಸಳೆ, ವಂಶದಲ್ಲಿ ಮೊಸಳೆಯಲ್ಲ. ಅದರ ಹಿಂಬದಿ ಹಲ್ಲು ಚಪ್ಪಟೆ, ಎರಡೂ ಅಂಚಿನಲ್ಲಿ ನಿಜವಾದ ಗರಗಸ. ಅಮೆರಿಕದ ಟ್ರಯಾಸಿಕ್ ಪದರಗಳ ಹಲ್ಲುಗಳು "ಸೀಲೊಫೈಸಿಸ್" (ಆ ಕಾಲದ ಸಣ್ಣ ಡೈನೋಸಾರ್) ಎಂದು ಮಾರಾಟವಾಗುವುದು ಹೀಗೇ. ಅಡ್ಡಕೊಯ್ತದಲ್ಲಿ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಉಬ್ಬಿದ್ದು, ಹಿಂದಕ್ಕೆ ಬಾಗು ಕಡಿಮೆಯಿದ್ದರೆ ಫೈಟೊಸಾರ್ ಎಂದೇ ಶುರುಮಾಡಿ.

ಹತ್ತುಪಟ್ಟು ಲೆನ್ಸ್

ಗುರುತಿಸುವ ಮುನ್ನ ಅದು ಒಂದೇ ಹಲ್ಲೋ ಎಂಬುದನ್ನು ನೋಡಿ. ಒಂದರ ಕಿರೀಟಕ್ಕೆ ಇನ್ನೊಂದರ ಬೇರು ಅಂಟಿಸಿ, ಸೇರುವ ಜಾಗಕ್ಕೆ ಮರಳು ಮತ್ತು ಅಂಟಿನ ಮಿಶ್ರಣ ಮೆತ್ತಿದ ಹಲ್ಲುಗಳು ಧಾರಾಳ. ಅಂಥದರಲ್ಲಿ ಕುಳಿಯ ಆಳ, ಗೋಡೆಯ ದಪ್ಪ ಅಳೆದು ಏನು ಉಪಯೋಗ?

ಮೊದಲು ಲೆನ್ಸ್. ಎನಾಮೆಲ್‌ನ ಬಿರುಕುಗಳು ಬೇರಿನವರೆಗೂ ಮುಂದುವರಿಯುತ್ತವೆಯೇ, ಒಂದು ಅಡ್ಡಗೆರೆಯಲ್ಲಿ ಒಟ್ಟಿಗೇ ನಿಲ್ಲುತ್ತವೆಯೇ? ಮೆತ್ತಿದ ಜಾಗದಲ್ಲಿ ಮರಳಿನ ಕಣಗಳ ನಡುವೆ ಹೊಳಪು, ಗಾಳಿಗುಳ್ಳೆ ಕಾಣುತ್ತವೆ. ನಿಜವಾದ ಮರಳುಗಲ್ಲಿನಲ್ಲಿ ಗುಳ್ಳೆ ಇರುವುದಿಲ್ಲ. ಕೆತ್ತಿ ಮಾಡಿದ ಗರಗಸದಲ್ಲಿ ಸೀಳುಗಳ ತಳದಲ್ಲಿ ಎನಾಮೆಲ್ ಇಲ್ಲ, ತೆಳು ಬಣ್ಣದ ಹಸಿ ಡೆಂಟಿನ್ ಕಾಣುತ್ತದೆ.

ಆಮೇಲೆ 365 ನ್ಯಾನೊಮೀಟರ್ ಅತಿನೇರಳೆ ಟಾರ್ಚ್, ಕತ್ತಲ ಕೋಣೆಯಲ್ಲಿ. ಅನೇಕ ಅಂಟುಗಳು ಬಿಳಿ ಅಥವಾ ನೀಲಿಯಾಗಿ ಹೊಳೆಯುತ್ತವೆ. ಹಲ್ಲು, ಕ್ಯಾಲ್ಸೈಟ್ ಕೂಡ ಹೊಳೆಯಬಹುದು, ಹಾಗಾಗಿ ಹೊಳಪಿನ ಆಕಾರ ಮುಖ್ಯ: ಬಿರುಕಿನ ಉದ್ದಕ್ಕೂ ನೇರ ಗೆರೆ, ಬದಿಯಲ್ಲಿ ತೊಟ್ಟಿಕ್ಕಿದ ಕಲೆ ಇದ್ದರೆ ಅಂಟು.

ಅಸಿಟೋನ್ ಕೊನೆಯದು. ಹತ್ತಿಯ ಕಡ್ಡಿಗೆ ಒಂದು ಹನಿ, ಕಾಣದ ಜಾಗದಲ್ಲಿ, ಗಾಳಿಯಾಡುವಲ್ಲಿ, ಬೆಂಕಿಯಿಂದ ದೂರ. ಹತ್ತಿಗೆ ಬಣ್ಣ ಹತ್ತಿದರೆ ಮೇಲೆ ಬಳಿದಿದ್ದಾರೆ. ಇಡೀ ಹಲ್ಲನ್ನು ಅದ್ದಬೇಡಿ. ಪ್ಯಾರಲಾಯ್ಡ್ ಬಿ-72 ಎಂಬ ಅಂಟುರಾಳ ಹಾಕಿ ಗಟ್ಟಿಮಾಡಿದ ಹಲ್ಲಿನಲ್ಲಿ ಅದು ಅಸಿಟೋನ್‌ನಲ್ಲಿ ಕರಗಿ, ಹಿಡಿದಿಟ್ಟಿದ್ದ ಚೂರುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆಯಂತೂ ಬೇಡವೇ ಬೇಡ, ಅದು ಅಸಲಿ ಹಲ್ಲಿಗೂ ಗಾಯ ಮಾಡುತ್ತದೆ.

ದುರಸ್ತಿಯಾದ ಹಲ್ಲು ಕಸವಲ್ಲ. ಎಲ್ಲಿ ಅಂಟಿದೆ ಎಂದು ಗುರುತು ಹಾಕಿಕೊಂಡು, ಆ ಭಾಗ ಬಿಟ್ಟು ಉಳಿದಲ್ಲಿ ಅಳೆಯಿರಿ.

ಕೆಂಪುಮರಳು

ಎರಡನೆಯದರಲ್ಲಿ ಅಂಚಿನ ಸುಕ್ಕುಗಳಿಲ್ಲ. ಅತಿನೇರಳೆಯಲ್ಲಿ ಒಂದನೆಯದರ ಮಧ್ಯೆ ಒಂದು ಗೆರೆ ಹೊಳೆಯಿತು, ಆದರೆ ಉದ್ದಗೆರೆಗಳು ಅದನ್ನು ದಾಟಿ ಸರಿಯಾಗಿ ಮುಂದುವರಿಯುತ್ತವೆ, ಎರಡೂ ಕಡೆ ಏಣೂ ಕೂಡುತ್ತದೆ. ಫೋಟೊ ಹಾಕಬೇಕೆಂದರೆ ಎಷ್ಟು ಕೋನ ಸಾಕು?

ಏಣುಗೆರೆ

ಹಾಗಾದರೆ ಅದು ಮುರಿದು ಕೂಡಿಸಿದ ಒಂದೇ ಹಲ್ಲು, ಗುರುತು ಬದಲಾಗುವುದಿಲ್ಲ.

ಆರು ಕೋನ: ಕೆನ್ನೆಯ ಕಡೆ, ನಾಲಿಗೆಯ ಕಡೆ, ಮುಂದಂಚು, ಹಿಂದಂಚು, ಬುಡ, ತುದಿಯ ಮೇಲಿಂದ. ಜೊತೆಗೆ ಎರಡೂ ಅಂಚಿನ ಮಧ್ಯಭಾಗದ ಹತ್ತಿರದ ಚಿತ್ರ. ಎಲ್ಲದರಲ್ಲೂ ಮಿಲಿಮೀಟರ್ ಪಟ್ಟಿ, ಬೆಳಕು ಎಡ ಮೇಲಿನಿಂದ ಓರೆಯಾಗಿ. ಫ್ಲ್ಯಾಶ್ ಬೇಡ, ಎನಾಮೆಲ್ ಹೊಳೆದು ಮೈಯ ರಚನೆ ಮುಚ್ಚಿಹೋಗುತ್ತದೆ. ಅಂಗೈಯಲ್ಲಿ ಹಿಡಿದು ತೆಗೆಯಬೇಡಿ, ಕೋನ ಪ್ರತಿ ಸಲ ಬದಲಾಗುತ್ತದೆ. ಸ್ವಲ್ಪ ಜೇಡಿಯಂಥ ಅಂಟುಮಣ್ಣಿನ ಮೇಲೆ ನಿಲ್ಲಿಸಿ, ಆದರೆ ಎಣ್ಣೆ ಬಿಡುವ ಮಣ್ಣು ರಂಧ್ರವಿರುವ ಡೆಂಟಿನ್‌ಗೆ ಕಲೆ ಹತ್ತಿಸುತ್ತದೆ, ಮಧ್ಯೆ ಪ್ಲಾಸ್ಟಿಕ್ ಹಾಳೆಯ ತುಣುಕು ಇಡಿ.

ದಂತಶಿಲೆ

ಹಳೆಯ ಚೀಟಿಗಳನ್ನು ಎಸೆಯಬೇಡಿ. ತಪ್ಪು ಹೆಸರಿದ್ದರೂ ಜಾಗದ ಮಾಹಿತಿ ಅದರಲ್ಲೇ ಇರುತ್ತದೆ. ಹೊಸ ಲೇಬಲ್‌ನಲ್ಲಿ ಗುರುತು, ಅದಕ್ಕೆ ಆಧಾರವಾದ ಲಕ್ಷಣಗಳು, ಅಳತೆಗಳು, ಶಿಲಾಸ್ತರ, ದುರಸ್ತಿಯ ಜಾಗ ಬರೆಯಿರಿ. ಒಂದನೆಯದಕ್ಕೆ ಹೀಗೆ: "ಮೊಸಳೆ ಬಂಧು, ಎಲೋಸೂಕಸ್ ಮಾದರಿ. ಏಣುಗಳು ಬಾಗಿಗೆ ಅಡ್ಡಲಾಗಿ, ಕುಳಿ 24 ಮಿಮೀ ಆಳ, ಗೋಡೆ 2 ಮಿಮೀ. ಎತ್ತರ 41, ಬುಡ 14 × 12.5 ಮಿಮೀ. ಕೆಮ್ ಕೆಮ್, ಮೊರಾಕೊ. ಮಧ್ಯದಲ್ಲಿ ಅಂಟಿಸಿದೆ." ಮುಂದೆ ಯಾರಾದರೂ ಎಲೋಸೂಕಸ್ ಬಗ್ಗೆ ಹೊಸದು ಕಂಡುಹಿಡಿದರೂ ಈ ಲೇಬಲ್‌ನ ಮೊದಲ ಸಾಲು ಮಾತ್ರ ಬದಲಿಸಿದರೆ ಸಾಕು.